ಎಕ್ಸೆಲ್ ಹಾಳೆಗೆ ಹಿಡಿಸದ ಲೆಕ್ಕ: ವ್ಯಾಪಾರಿಗಳು ಅರಿತಿರಬೇಕಾದ ಕೆಲವು ಸಂಗತಿಗಳು

2025ರ ಜುಲೈ ತಿಂಗಳಿನಲ್ಲಿ ರಾಜ್ಯ ವಾಣಿಜ್ಯ ತೆರಿಗೆಗಳ ಇಲಾಖೆಯು ಯು.ಪಿ.ಐ. ಮೂಲಕ ಸ್ವೀಕರಿಸಿದ ಹಣದ ವಿವರಗಳನ್ನು ಆಧರಿಸಿ ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸು ಕಳುಹಿಸಿದ ಪ್ರಸಂಗವು ಸದಸ್ಯರೆಲ್ಲರ ನೆನಪಿನಲ್ಲಿ ಇದ್ದೇ ಇದೆ. 2021-22ರಿಂದ 2024-25ರವರೆಗಿನ ನಾಲ್ಕು ಆರ್ಥಿಕ ವರ್ಷಗಳ ಲೆಕ್ಕವನ್ನು ಇಲಾಖೆ ಕೇಳಿತ್ತು. ಸರಕು ಮಾರಾಟ ಮಾಡುವವರಿಗೆ ವಾರ್ಷಿಕ 40 ಲಕ್ಷ ರೂಪಾಯಿ, ಸೇವೆ ಒದಗಿಸುವವರಿಗೆ 20 ಲಕ್ಷ ರೂಪಾಯಿ ವಹಿವಾಟು ಮೀರಿದಲ್ಲಿ ಜಿ.ಎಸ್.ಟಿ. ನೋಂದಣಿ ಕಡ್ಡಾಯವೆಂಬ ನಿಯಮವೇ ಅದರ ಆಧಾರ. ನಗರದ ಅನೇಕ ಬೇಕರಿ, ಕಾಂಡಿಮೆಂಟ್ಸ್ ಹಾಗೂ ತರಕಾರಿ ಅಂಗಡಿಗಳ ಮುಂದೆ "ಯು.ಪಿ.ಐ. ಇಲ್ಲ, ನಗದು ಮಾತ್ರ" ಎಂಬ ಫಲಕಗಳು ಕಾಣಿಸಿಕೊಂಡವು. ತರುವಾಯ ಸರ್ಕಾರವು ವ್ಯಾಪಾರಿ ಪ್ರತಿನಿಧಿಗಳ ಸಭೆ ಕರೆದು ಮಾತುಕತೆ ನಡೆಸಿತು.

ಆ ಪ್ರಸಂಗದ ತೆರಿಗೆ ವಿಚಾರವನ್ನು ಬಲ್ಲವರು ಸಾಕಷ್ಟು ಚರ್ಚಿಸಿದ್ದಾರೆ. ಅದರ ನಡುವೆ ಯಾರ ಗಮನಕ್ಕೂ ಅಷ್ಟಾಗಿ ಬಾರದ ಮತ್ತೊಂದು ಸಂಗತಿಯುಂಟು. ಹತ್ತು ರೂಪಾಯಿಯ ಟೀ, ಇಪ್ಪತ್ತೈದು ರೂಪಾಯಿಯ ಪಫ್ಸ್, ಐದು ರೂಪಾಯಿಯ ಮಿಠಾಯಿ, ಇವೆಲ್ಲವೂ ಇಂದು ಬ್ಯಾಂಕಿನ ಲೆಕ್ಕದಲ್ಲಿ ಒಂದೊಂದು ಸಾಲಾಗಿ ದಾಖಲಾಗುತ್ತಿವೆ. ಹಿಂದೆ ದೊಡ್ಡ ಕಾರ್ಖಾನೆಗಳಿಗೆ ಮಾತ್ರ ಇದ್ದ ಪ್ರಮಾಣದ ದತ್ತಾಂಶವು ಇಂದು ಗಲ್ಲಿಯ ಅಂಗಡಿಗೂ ಬಂದಿದೆ. ಆದರೆ ಅದನ್ನು ನಿಭಾಯಿಸಲು ನಮ್ಮಲ್ಲಿ ಬಹುತೇಕರ ಬಳಿ ಇರುವ ಸಾಧನ ಎಕ್ಸೆಲ್ ಹಾಳೆ ಒಂದೇ. ಆ ಹಾಳೆಗೂ ಒಂದು ಅಂಚುಂಟು.

ಸಹಿ ಹಾಕುವ ಮುನ್ನ

ನಮ್ಮ ಕಚೇರಿಯಲ್ಲಿಯೇ ನಡೆದ ಘಟನೆಯನ್ನು ಇಲ್ಲಿ ಮುಚ್ಚುಮರೆಯಿಲ್ಲದೆ ಹೇಳುವುದು ಉಚಿತವೆಂದು ಭಾವಿಸಿದ್ದೇನೆ. ಹಾಸನದ ಕಡೆಯಿಂದ ಬಂದು ಆರ್.ಟಿ. ನಗರದಲ್ಲಿ ಬೇಕರಿ ನಡೆಸುತ್ತಿರುವ ಒಬ್ಬರು ನೋಟಿಸು ಹಿಡಿದು ನಮ್ಮಲ್ಲಿಗೆ ಬಂದರು. ನೋಟಿಸಿನಲ್ಲಿ ನಾಲ್ಕು ವರ್ಷಗಳ ಯು.ಪಿ.ಐ. ಸ್ವೀಕೃತಿಯನ್ನು ವರ್ಷವಾರು ನಮೂದಿಸಲಾಗಿತ್ತು. ಅವರ ಬ್ಯಾಂಕಿನಿಂದ ನಾಲ್ಕೂ ವರ್ಷಗಳ ಖಾತಾ ವಿವರವನ್ನು ಒಂದೇ ಸಿ.ಎಸ್.ವಿ. ಕಡತವಾಗಿ, ಅಂದರೆ ಅಲ್ಪವಿರಾಮಗಳಿಂದ ಬೇರ್ಪಡಿಸಿದ ಸರಳ ಪಠ್ಯರೂಪದಲ್ಲಿ, ಪಡೆದೆವು. ನಮ್ಮ ಸಹಾಯಕರು ಅದನ್ನು ಎಕ್ಸೆಲ್‌ನಲ್ಲಿ ತೆರೆದು ವರ್ಷವಾರು ಮೊತ್ತ ತೆಗೆದರು.

ಮೊದಲ ಮೂರು ವರ್ಷಗಳ ಮೊತ್ತ ನೋಟಿಸಿಗೆ ತಾಳೆಯಾಯಿತು. ನಾಲ್ಕನೆಯ ವರ್ಷದ್ದು ಮಾತ್ರ ಇಲಾಖೆಯ ಅಂಕಿಗಿಂತ ಸುಮಾರು 27 ಲಕ್ಷ ರೂಪಾಯಿ ಕಡಿಮೆ ಬಂದಿತು. ಅಂಗಡಿಯವರ ಮುಖ ಅರಳಿತು. "ಸಾರ್, ನಾನು ಹೇಳಿರಲಿಲ್ವಾ, ಇಲಾಖೆಯವರ ಲೆಕ್ಕಾನೇ ತಪ್ಪು. ಹಂಗಂತಾನೇ ಬರೆದುಬಿಡಿ" ಎಂದರು. ಆ ದಿನಗಳಲ್ಲಿ ಪೇಟೆಯಲ್ಲೆಲ್ಲ ಅದೇ ಮಾತು ಕೇಳಿಬರುತ್ತಿದ್ದುದರಿಂದ ನನಗೂ ಅದು ಅಸಂಭವವೆನಿಸಲಿಲ್ಲ. ಉತ್ತರದ ಕರಡು ಸಿದ್ಧವಾಯಿತು.

ಸಹಿ ಹಾಕುವ ಮುನ್ನ ಹಳೆಯ ಅಭ್ಯಾಸದಂತೆ ಖಾತೆಯ ಕೊನೆಯ ಶಿಲ್ಕನ್ನು ನೋಡೋಣವೆಂದು ಹಾಳೆಯ ತಳಕ್ಕೆ ಹೋದೆ. ಕೊನೆಯ ಸಾಲಿನ ದಿನಾಂಕ 2025ರ ಜನವರಿ 22 ಎಂದಿತ್ತು. ಮಾರ್ಚ್ 31 ಇರಲಿಲ್ಲ. ಅಲ್ಲಿದ್ದ ಶಿಲ್ಕಿಗೂ ವರ್ಷಾಂತ್ಯದ ಪಾಸ್‌ಬುಕ್ಕಿನ ಶಿಲ್ಕಿಗೂ ಸಂಬಂಧವೇ ಇರಲಿಲ್ಲ. ಮೂಲ ಕಡತದಲ್ಲಿ 11,23,418 ನಮೂದುಗಳಿದ್ದವು; ಹಾಳೆಯಲ್ಲಿ ಇದ್ದವು 10,48,575. ಉಳಿದ 74,843 ನಮೂದುಗಳು ಹಾಳೆಗೆ ಬಂದೇ ಇರಲಿಲ್ಲ. ಕಡತ ತೆರೆಯುವಾಗ ಪರದೆಯ ಮೇಲೆ ಒಂದು ಸೂಚನೆ ಮೂಡಿತ್ತೆಂದೂ, 'ಓಕೆ' ಒತ್ತಿ ಮುಂದುವರಿದೆನೆಂದೂ ಸಹಾಯಕರು ಆಮೇಲೆ ನೆನಪಿಸಿಕೊಂಡರು. ಇಲಾಖೆಯ ಅಂಕಿ ಸರಿಯಾಗಿತ್ತು, ತಪ್ಪಿದ್ದು ನಮ್ಮದು. ಆ ಉತ್ತರವೇನಾದರೂ ಹೋಗಿದ್ದರೆ 27 ಲಕ್ಷ ರೂಪಾಯಿಯ ವಹಿವಾಟನ್ನು ಲಿಖಿತವಾಗಿ, ಸಹಿ ಸಮೇತ, ಮರೆಮಾಚಿದಂತೆ ಆಗುತ್ತಿತ್ತು.

ಹಾಳೆಯ ಅಂಚು ಎಲ್ಲಿದೆ?

ಎಕ್ಸೆಲ್‌ನ 1997ರ ಆವೃತ್ತಿಯಿಂದ 2003ರ ಆವೃತ್ತಿಯವರೆಗೆ ಒಂದು ಹಾಳೆಯಲ್ಲಿ 65,536 ಸಾಲುಗಳು, 256 ಕಾಲಂಗಳು ಇದ್ದವು. 2007ರ ಆವೃತ್ತಿಯಿಂದ ಇದು 10,48,576 ಸಾಲು, 16,384 ಕಾಲಂಗಳಿಗೆ ಏರಿತು. ಇಂದಿಗೂ ಅಷ್ಟೇ ಇದೆ. ಮೊದಲನೆಯದು ಎರಡನ್ನು ಹದಿನಾರು ಬಾರಿ ಗುಣಿಸಿದ ಸಂಖ್ಯೆ, ಎರಡನೆಯದು ಇಪ್ಪತ್ತು ಬಾರಿ ಗುಣಿಸಿದ್ದು. ಶೀರ್ಷಿಕೆಗೆ ಒಂದು ಸಾಲು ಹೋದರೆ ನಮೂದುಗಳಿಗೆ ಉಳಿಯುವುದು 10,48,575. ಉಚಿತವಾಗಿ ದೊರೆಯುವ ಲಿಬ್ರೆ ಆಫೀಸ್‌ನ ರೂಢಿಯ ಮಿತಿಯೂ 10,48,576 ಸಾಲುಗಳೇ. ಗೂಗಲ್ ಶೀಟ್ಸ್‌ನಲ್ಲಿ ಒಟ್ಟು 1 ಕೋಟಿ ಚೌಕಗಳ ಮಿತಿಯಿದೆ. ಹನ್ನೆರಡು ಕಾಲಂಗಳ ಪಟ್ಟಿಯಾದರೆ ಎಂಟೂಕಾಲು ಲಕ್ಷ ಸಾಲುಗಳಿಗೇ ಅದು ತುಂಬಿಹೋಗುತ್ತದೆ.

ಇದು ದೊಡ್ಡ ಸಂಖ್ಯೆಯೆಂದು ತೋರಬಹುದು. ಆದರೆ ಲೆಕ್ಕ ಹಾಕಿ ನೋಡೋಣ. ನೋಟಿಸಿನ ನಾಲ್ಕು ವರ್ಷಗಳೆಂದರೆ 1,461 ದಿನಗಳು. ದಿನಕ್ಕೆ ಸರಾಸರಿ 718 ನಮೂದುಗಳಾದರೆ ಒಟ್ಟು 10,48,998 ಆಗಿ ಹೊಸ ಹಾಳೆಯೂ ಸಾಲದಾಗುತ್ತದೆ. ಹಳೆಯ ಎಕ್ಸ್.ಎಲ್.ಎಸ್. ಮಾದರಿಯ ಕಡತವಾದರಂತೂ ದಿನಕ್ಕೆ ಕೇವಲ 45 ನಮೂದುಗಳು ಸಾಕು. ಬಸ್ ನಿಲ್ದಾಣದ ಪಕ್ಕದ ಒಂದು ಟೀ ಅಂಗಡಿ ಬೆಳಗಿನ ಒಂದು ತಾಸಿನಲ್ಲಿಯೇ ಇದನ್ನು ದಾಟಬಲ್ಲದು. 2016ರಲ್ಲಿ ಆರಂಭವಾದ ಯು.ಪಿ.ಐ. ವ್ಯವಸ್ಥೆಯಲ್ಲಿ 2025ರ ಆಗಸ್ಟ್ ಒಂದೇ ತಿಂಗಳಲ್ಲಿ ದೇಶಾದ್ಯಂತ 2,000 ಕೋಟಿಗೂ ಮಿಕ್ಕಿ ವಹಿವಾಟುಗಳು ನಡೆದಿವೆ ಎಂಬುದನ್ನು ಗಮನಿಸಿದರೆ ಈ ತೊಂದರೆ ಮುಂದೆ ಹೆಚ್ಚುವುದೇ ಹೊರತು ತಗ್ಗುವುದಿಲ್ಲ.

ಇಂಗ್ಲೆಂಡಿನ ಪಾಠ

ಇಂತಹ ಪ್ರಮಾದ ಸಣ್ಣ ಕಚೇರಿಗಳಿಗೆ ಮಾತ್ರ ಸೀಮಿತವೆಂದು ತಿಳಿಯಬೇಕಾಗಿಲ್ಲ. ಕೋವಿಡ್ ಹಾವಳಿಯ ಕಾಲದಲ್ಲಿ, 2020ರ ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರ ನಡುವಿನ ಅವಧಿಗೆ ಸೇರಿದ 15,841 ಸೋಂಕಿತರ ವಿವರಗಳು ಇಂಗ್ಲೆಂಡಿನ ಸಾರ್ವಜನಿಕ ಆರೋಗ್ಯ ಸಂಸ್ಥೆಯ ದೈನಂದಿನ ಲೆಕ್ಕದಿಂದ ಬಿಟ್ಟುಹೋದವು. ಪ್ರಯೋಗಾಲಯಗಳಿಂದ ಬಂದ ಸಿ.ಎಸ್.ವಿ. ಕಡತಗಳನ್ನು ಹಳೆಯ ಎಕ್ಸ್.ಎಲ್.ಎಸ್. ಮಾದರಿಗೆ ಪರಿವರ್ತಿಸಲಾಗುತ್ತಿತ್ತು, 65,536 ಸಾಲು ತುಂಬಿದ ಮೇಲೆ ಬಂದವರ ಹೆಸರುಗಳು ಹೊರಗುಳಿದವು. ಒಬ್ಬೊಬ್ಬ ರೋಗಿಯ ವಿವರಕ್ಕೂ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಮಿತಿ ಬಹುಬೇಗನೆ ಮುಗಿದಿತ್ತು. ಆ ಸೋಂಕಿತರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ಕಾರ್ಯ ದಿನಗಟ್ಟಲೆ ತಡವಾಯಿತು. ಲೆಕ್ಕ ನಿಲ್ಲಲಿಲ್ಲ, ಯಂತ್ರ ಕೆಡಲಿಲ್ಲ. ಪ್ರತಿದಿನವೂ ಒಂದು ಮೊತ್ತ ಬರುತ್ತಲೇ ಇತ್ತು. ಅಪಾಯವಿರುವುದು ಅಲ್ಲಿಯೇ. ಕೆಟ್ಟು ನಿಂತ ಯಂತ್ರವನ್ನು ಎಲ್ಲರೂ ಗಮನಿಸುತ್ತಾರೆ. ಕಡಿಮೆ ಬಂದ ಮೊತ್ತವನ್ನು ಗಮನಿಸುವವರು ವಿರಳ.

ಸಾಲು ಉಳಿದರೂ ಅಂಕಿ ಕೆಡಬಹುದು

ಸಾಲುಗಳೆಲ್ಲ ಹಾಳೆಯೊಳಗೆ ಹಿಡಿಸಿದ ಮಾತ್ರಕ್ಕೆ ನಿಶ್ಚಿಂತರಾಗುವಂತಿಲ್ಲ. ಎಕ್ಸೆಲ್ ಯಾವುದೇ ಸಂಖ್ಯೆಯ ಮೊದಲ 15 ಅಂಕೆಗಳನ್ನು ಮಾತ್ರ ನೆನಪಿಡುತ್ತದೆ. ಹದಿನಾರು ಅಂಕೆಗಳ ಖಾತಾ ಸಂಖ್ಯೆಯನ್ನು ಸಂಖ್ಯೆಯಾಗಿಯೇ ತೆರೆದರೆ ಕೊನೆಯ ಅಂಕೆ ಸೊನ್ನೆಯಾಗುತ್ತದೆ. ಸೊನ್ನೆಯಿಂದ ಆರಂಭವಾಗುವ ಖಾತಾ ಸಂಖ್ಯೆಯ ಮುಂದಿನ ಸೊನ್ನೆಗಳು ಬಿದ್ದುಹೋಗುತ್ತವೆ. ಯು.ಪಿ.ಐ. ವಹಿವಾಟಿನ ಉಲ್ಲೇಖ ಸಂಖ್ಯೆಯಲ್ಲಿ 12 ಅಂಕೆಗಳಿರುತ್ತವೆ, ಸಿ.ಎಸ್.ವಿ. ಕಡತವನ್ನು ನೇರವಾಗಿ ತೆರೆದಾಗ ಇದು ನಡುವೆ 'ಇ' ಅಕ್ಷರವಿರುವ ಸಂಕ್ಷಿಪ್ತ ರೂಪದಲ್ಲಿ ಕಾಣುತ್ತದೆ. ಆ ಸ್ಥಿತಿಯಲ್ಲಿ ಮತ್ತೆ ಸಿ.ಎಸ್.ವಿ. ಆಗಿ ಉಳಿಸಿದರೆ ಆ ಸಂಕ್ಷಿಪ್ತ ರೂಪವೇ ಕಡತಕ್ಕೆ ಇಳಿದು ಮೂಲ ಸಂಖ್ಯೆ ಕಾಣೆಯಾಗುತ್ತದೆ.

ಯಲಹಂಕದ ಒಬ್ಬ ಔಷಧಿ ಸಗಟು ವ್ಯಾಪಾರಿಗಳ ಲೆಕ್ಕದಲ್ಲಿ ಎದುರಾದ ಇನ್ನೊಂದು ಬಗೆಯನ್ನೂ ಹೇಳುವುದು ಉಪಯುಕ್ತ. ಔಷಧಿ ವ್ಯಾಪಾರದಲ್ಲಿ ಪ್ರತಿ ಬ್ಯಾಚಿಗೂ ಒಂದೊಂದು ಸಾಲಿರುವುದರಿಂದ ಖರೀದಿ ಪಟ್ಟಿ ಬಲು ಬೇಗ ಬೆಳೆಯುತ್ತದೆ. ಅವರ ಪೂರೈಕೆದಾರರೊಬ್ಬರು ಬಿಲ್ಲುಗಳಿಗೆ 3-12, 4-12 ಎಂಬ ರೀತಿಯ ಸಂಖ್ಯೆ ನೀಡುತ್ತಿದ್ದರು. ಎಕ್ಸೆಲ್ ಅವುಗಳನ್ನು ಡಿಸೆಂಬರ್ 3, ಡಿಸೆಂಬರ್ 4 ಎಂದು ದಿನಾಂಕಗಳಾಗಿ ಬದಲಿಸಿತ್ತು. ಜಿ.ಎಸ್.ಟಿ.ಆರ್-2ಬಿ ವಿವರದೊಡನೆ ಹೋಲಿಸಿದಾಗ ಆ ಬಿಲ್ಲುಗಳಲ್ಲಿ ಒಂದೂ ಹೊಂದಲಿಲ್ಲ.

ಇದನ್ನು ಕ್ಷುಲ್ಲಕವೆಂದು ತಳ್ಳಿಹಾಕುವಂತಿಲ್ಲ. 2019ರ ಅಕ್ಟೋಬರ್‌ನಲ್ಲಿ ಹೂಡುವಳಿ ತೆರಿಗೆ ಜಮೆಗೆ ಸಂಬಂಧಿಸಿದ ನಿಯಮ 36(4) ಬಂದಾಗ, ಪೂರೈಕೆದಾರರು ತೋರಿಸಿದ ಅರ್ಹ ಜಮೆಗಿಂತ ಶೇ. 20ರಷ್ಟು ಹೆಚ್ಚಿಗೆ ಪಡೆಯಲು ಅವಕಾಶವಿತ್ತು. ಅದು 2020ರ ಜನವರಿಯಿಂದ ಶೇ. 10ಕ್ಕೆ, 2021ರ ಜನವರಿಯಿಂದ ಶೇ. 5ಕ್ಕೆ ಇಳಿಯಿತು. 2022ರ ಜನವರಿ 1ರಿಂದ ಕಲಂ 16(2)(ಎಎ) ಜಾರಿಯಾದ ಮೇಲೆ ಪೂರೈಕೆದಾರರು ಸಲ್ಲಿಸಿದ ವಿವರದಲ್ಲಿ ಇಲ್ಲದ ಬಿಲ್ಲಿಗೆ ಜಮೆಯೇ ಇಲ್ಲ. ಬಿಲ್ಲು 2ಬಿಯಲ್ಲಿ ಇದ್ದರೂ ನಮ್ಮ ಹಾಳೆಯ ದೋಷದಿಂದ "ಇಲ್ಲ" ಎಂದು ತೋರಿದರೆ, ನ್ಯಾಯವಾಗಿ ಬರಬೇಕಾದ ಜಮೆಯನ್ನು ನಾವೇ ಬಿಟ್ಟುಕೊಡುತ್ತೇವೆ. ಇಲ್ಲವೇ ತಪ್ಪಿಲ್ಲದ ಪೂರೈಕೆದಾರರ ಹಣವನ್ನು ತಡೆಹಿಡಿದು ಜಗಳಕ್ಕೆ ನಿಲ್ಲುತ್ತೇವೆ. ಆ ವ್ಯಾಪಾರಿಗಳು ಎರಡನೆಯದನ್ನು ಆಗಲೇ ಮಾಡಿದ್ದರು.

ಮಾಡಬೇಕಾದುದೇನು?

ಪರಿಹಾರಕ್ಕೆ ದುಬಾರಿ ತಂತ್ರಾಂಶವಾಗಲೀ, ಕಂಪ್ಯೂಟರ್ ಪದವೀಧರರಾಗಲೀ ಬೇಕಾಗಿಲ್ಲ. ನಮ್ಮ ಕಚೇರಿಯಲ್ಲಿ ಅನುಸರಿಸುತ್ತಿರುವ ಕ್ರಮವನ್ನು ಸದಸ್ಯರ ಉಪಯೋಗಕ್ಕಾಗಿ ಕೆಳಗೆ ಕೊಟ್ಟಿದೆ.

1. ಮೂಲ ಕಡತವನ್ನು ಮುಟ್ಟಬಾರದು. ಬ್ಯಾಂಕಿನಿಂದ ಅಥವಾ ಜಿ.ಎಸ್.ಟಿ. ಜಾಲತಾಣದಿಂದ ಬಂದ ಕಡತವನ್ನು ಹಾಗೆಯೇ ಒಂದೆಡೆ ಇರಿಸಿ, ಕೆಲಸಕ್ಕೆ ಪ್ರತಿಯನ್ನು ಮಾತ್ರ ಬಳಸಬೇಕು. ಜಿ.ಎಸ್.ಟಿ. ಕಾನೂನಿನ ಕಲಂ 36ರ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡಬೇಕಾಗುತ್ತದೆ.

2. ಮೊದಲು ಎಣಿಕೆ, ಆಮೇಲೆ ಲೆಕ್ಕ. ಕಡತದಲ್ಲಿ ಎಷ್ಟು ಸಾಲುಗಳಿವೆ ಎಂಬುದನ್ನು ಎಕ್ಸೆಲ್‌ನಿಂದ ಹೊರಗೆ ತಿಳಿದುಕೊಳ್ಳಬೇಕು. ನೋಟ್‌ಪ್ಯಾಡ್ ಪ್ಲಸ್ ಪ್ಲಸ್ ಎಂಬ ಉಚಿತ ತಂತ್ರಾಂಶದಲ್ಲಿ ತೆರೆದರೆ ಸಾಲುಗಳ ಸಂಖ್ಯೆ ಪರದೆಯ ತಳದಲ್ಲಿಯೇ ಕಾಣುತ್ತದೆ. ಅದನ್ನು ಕಾಗದದ ಮೇಲೆ ಬರೆದಿಟ್ಟುಕೊಂಡು, ಪ್ರತಿ ಹಂತದ ನಂತರವೂ ಅದಕ್ಕೆ ಹೋಲಿಸಬೇಕು.

3. ಶಿಲ್ಕಿನ ಪರೀಕ್ಷೆ. ಆರಂಭದ ಶಿಲ್ಕಿಗೆ ಒಟ್ಟು ಜಮಾ ಕೂಡಿಸಿ ಒಟ್ಟು ಖರ್ಚು ಕಳೆದರೆ ಕೊನೆಯ ಶಿಲ್ಕು ಬರಲೇಬೇಕು. ಪೈಸೆಯ ವ್ಯತ್ಯಾಸವಿದ್ದರೂ ಮುಂದುವರಿಯಬಾರದು. ಬ್ಯಾಂಕ್ ವಿವರಕ್ಕೆ ಇದಕ್ಕಿಂತ ಉತ್ತಮವಾದ ಪರೀಕ್ಷೆ ಮತ್ತೊಂದಿಲ್ಲ.

4. ಮಧ್ಯಮ ಗಾತ್ರಕ್ಕೆ ಪವರ್ ಕ್ವೆರಿ. 2016ರ ಆವೃತ್ತಿಯಿಂದೀಚೆಗೆ ಎಕ್ಸೆಲ್‌ನಲ್ಲಿಯೇ ಅಡಕವಾಗಿರುವ ಈ ಸೌಲಭ್ಯವು 'ಡೇಟಾ' ಪಟ್ಟಿಯಡಿ ದೊರೆಯುತ್ತದೆ. ಕಡತವನ್ನು ಹಾಳೆಯ ಮೇಲೆ ಸುರಿಯದೆ ಅದಕ್ಕೆ ಕೊಂಡಿಯನ್ನಷ್ಟೇ ಏರ್ಪಡಿಸಿ, 'ಡೇಟಾ ಮಾಡೆಲ್'ಗೆ ಸೇರಿಸಿದರೆ ಹತ್ತು ಲಕ್ಷದ ಮಿತಿ ಅಡ್ಡಬರುವುದಿಲ್ಲ. ಅದರ ಮೇಲೆ ಪಿವಟ್ ಪಟ್ಟಿ ಮಾಡಿ ತಿಂಗಳವಾರು ಮೊತ್ತ ಪಡೆಯಬಹುದು. ಆದರೆ ಪವರ್ ಕ್ವೆರಿಯು ಆರಂಭದ ಕೆಲವು ಸಾಲುಗಳನ್ನು ನೋಡಿ ಕಾಲಂ ಎಂತಹುದೆಂದು ಊಹಿಸುತ್ತದೆ. ಆದ್ದರಿಂದ ಖಾತಾ ಸಂಖ್ಯೆ, ಬಿಲ್ಲಿನ ಸಂಖ್ಯೆ, ಉಲ್ಲೇಖ ಸಂಖ್ಯೆಗಳ ಕಾಲಂಗಳನ್ನು ನಾವೇ 'ಟೆಕ್ಸ್ಟ್' ಎಂದು ನಿಗದಿಪಡಿಸಬೇಕು. ಇಂತಹ ಕೆಲಸಕ್ಕೆ 64 ಬಿಟ್‌ನ ಎಕ್ಸೆಲ್ ಇರುವುದು ಲೇಸು.

5. ದೊಡ್ಡ ಗಾತ್ರಕ್ಕೆ ಡೇಟಾಬೇಸ್. ಹಲವು ವರ್ಷಗಳ ವಿವರವನ್ನು ಮತ್ತೆ ಮತ್ತೆ ನೋಡಬೇಕಾದವರಿಗೆ ಇದೇ ಸರಿಯಾದ ದಾರಿ. ಮೈಕ್ರೋಸಾಫ್ಟ್ ಆಕ್ಸೆಸ್‌ಗೆ 2 ಗಿಗಾಬೈಟಿನ ಮಿತಿಯುಂಟು. 2000ನೇ ಇಸವಿಯಲ್ಲಿ ರಿಚರ್ಡ್ ಹಿಪ್ ಎಂಬುವರು ಸೃಷ್ಟಿಸಿದ ಎಸ್‌ಕ್ಯೂಲೈಟ್ ಸಂಪೂರ್ಣ ಉಚಿತ. ಇಡೀ ದತ್ತಾಂಶ ಒಂದೇ ಕಡತದಲ್ಲಿ ಇರುತ್ತದೆ, ಪ್ರತ್ಯೇಕ ಸರ್ವರ್ ಬೇಕಾಗಿಲ್ಲ. ಕಲಿಯಬೇಕಾದ ಆಜ್ಞೆಗಳೂ ಬೆರಳೆಣಿಕೆಯಷ್ಟೇ. 'ಕೌಂಟ್' ಎಂದರೆ ಎಣಿಸು, 'ಸಮ್' ಎಂದರೆ ಕೂಡಿಸು, 'ವೇರ್' ಎಂದರೆ ಇಂತಹವನ್ನು ಮಾತ್ರ ಆರಿಸು, 'ಗ್ರೂಪ್ ಬೈ' ಎಂದರೆ ತಿಂಗಳು ಅಥವಾ ಪಕ್ಷಕಾರರವಾರು ವಿಂಗಡಿಸು. ವಾಣಿಜ್ಯ ಪದವೀಧರರಾದ ನಮ್ಮ ಸಹಾಯಕರು ಇವನ್ನು ಒಂದು ವಾರದಲ್ಲಿ ರೂಢಿಸಿಕೊಂಡರು.

6. ಲೆಕ್ಕದ ತಂತ್ರಾಂಶದಿಂದ ಅನಗತ್ಯವಾಗಿ ಹೊರತೆಗೆಯಬಾರದು. ನಮ್ಮ ಬೆಂಗಳೂರಿನ ಸಂಸ್ಥೆಯೊಂದು 1986ರಲ್ಲಿ ಆರಂಭಿಸಿದ ಟ್ಯಾಲಿಯಂತಹ ತಂತ್ರಾಂಶಗಳು ತಮ್ಮದೇ ದತ್ತಾಂಶ ವ್ಯವಸ್ಥೆ ಹೊಂದಿವೆ. ಎಕ್ಸೆಲ್ ಹಾಳೆಯ ಸಾಲುಮಿತಿ ಅವುಗಳಿಗಿಲ್ಲ. ಇಡೀ ದಿನವಹಿಯನ್ನು ಎಕ್ಸೆಲ್‌ಗೆ ಇಳಿಸಿದಾಗಲೇ ತೊಂದರೆ ಆರಂಭ. ಬೇಕಾದ ಸಾರಾಂಶವನ್ನು ಒಳಗೇ ತಯಾರಿಸಿ ಅದನ್ನಷ್ಟೇ ಹೊರತೆಗೆಯುವುದು ಮೇಲು.

7. ಅಪರಿಚಿತ ಅಂತರ್ಜಾಲ ತಾಣಗಳಿಗೆ ಕಡತ ಏರಿಸಬಾರದು. "ಉಚಿತವಾಗಿ ವಿಭಾಗಿಸಿ ಕೊಡುತ್ತೇವೆ" ಎನ್ನುವ ತಾಣಗಳು ಹಲವು. ಬ್ಯಾಂಕ್ ವಿವರದಲ್ಲಿ ನಿಮ್ಮ ವ್ಯವಹಾರವಷ್ಟೇ ಅಲ್ಲ, ಹಣ ಕೊಟ್ಟ ಸಾವಿರಾರು ಗ್ರಾಹಕರ ಹೆಸರುಗಳೂ ಇರುತ್ತವೆ ಎಂಬುದನ್ನು ಮರೆಯಬಾರದು.

ಮೊತ್ತ ತಾಳೆಯಾದ ಮೇಲೆ

ಬೇಕರಿಯವರ ವಿಷಯಕ್ಕೆ ಮರಳೋಣ. ಹನ್ನೊಂದು ಲಕ್ಷ ಚಿಲ್ಲರೆ ನಮೂದುಗಳನ್ನೂ ಎಸ್‌ಕ್ಯೂಲೈಟ್‌ಗೆ ಸೇರಿಸಿದೆವು. ಎಣಿಕೆ ಹೊಂದಿತು, ಶಿಲ್ಕು ಹೊಂದಿತು, ನಾಲ್ಕೂ ವರ್ಷಗಳ ಮೊತ್ತ ನೋಟಿಸಿಗೆ ತಾಳೆಯಾಯಿತು. ಅಂಗಡಿಯವರಿಗೆ ನಿರಾಸೆಯಾದುದು ನಿಜ. "ಹಂಗಾದ್ರೆ ಪೂರ್ತಿ ಒಪ್ಪಿಕೊಳ್ಳೋದಾ ಸಾರ್?" ಎಂದು ಕೇಳಿದರು. ಒಪ್ಪಿಕೊಳ್ಳಬೇಕಾದುದು ಹಣ ಬಂದಿರುವುದನ್ನು ಮಾತ್ರ. ಬಂದ ಹಣವೆಲ್ಲವೂ ಮಾರಾಟವೇ ಎಂಬುದು ಬೇರೆ ಪ್ರಶ್ನೆ ಎಂದು ವಿವರಿಸಿದೆ.

ನಿಜವಾದ ಕೆಲಸ ಆರಂಭವಾದದ್ದು ಆಗ. ಎರಡು ಸಾವಿರ ರೂಪಾಯಿಗೆ ಮೇಲ್ಪಟ್ಟ ಜಮಾಗಳನ್ನು ಮಾತ್ರ ಬೇರ್ಪಡಿಸುವಂತೆ ಒಂದು ಆಜ್ಞೆ ಕೊಟ್ಟೊಡನೆ ಕೈಯಲ್ಲಿ ಪರಿಶೀಲಿಸಬಹುದಾದ ಚಿಕ್ಕ ಪಟ್ಟಿ ಬಂತು. ಅದರಲ್ಲಿ ಚೀಟಿ ಎತ್ತಿದ ಹಣವಿತ್ತು. ಭಾವಮೈದುನ ಹಿಂತಿರುಗಿಸಿದ ಕೈಸಾಲವಿತ್ತು. ಅವರದೇ ಇನ್ನೊಂದು ಖಾತೆಯಿಂದ ವರ್ಗಾವಣೆಯಾದ ಮೊತ್ತಗಳಿದ್ದವು. ನಾಲ್ಕು ವರ್ಷಗಳಲ್ಲಿ ಸುಮಾರು 11 ಲಕ್ಷ ರೂಪಾಯಿ ಮಾರಾಟವಲ್ಲದ ಹಣವೆಂದು ದಾಖಲೆ ಸಮೇತ ತೋರಿಸಲು ಸಾಧ್ಯವಾಯಿತು. ಖರೀದಿ ಬಿಲ್ಲುಗಳ ಆಧಾರದ ಮೇಲೆ ಹಾಲು ಹಾಗೂ ಬ್ರೆಡ್ಡಿನ ಮಾರಾಟವನ್ನು ಪ್ರತ್ಯೇಕಿಸಿದೆವು. ಇಲ್ಲೊಂದು ಸೂಕ್ಷ್ಮವಿದೆ: ತೆರಿಗೆ ವಿನಾಯಿತಿಯುಳ್ಳ ಸರಕನ್ನಷ್ಟೇ ಮಾರುವವರಿಗೆ ನೋಂದಣಿಯ ಅಗತ್ಯವಿಲ್ಲ. ಆದರೆ ಬ್ರೆಡ್ಡಿನೊಡನೆ ಕೇಕನ್ನೂ ಮಾರುವವರ ವಹಿವಾಟಿನ ಮಿತಿ ನೋಡುವಾಗ ವಿನಾಯಿತಿ ಸರಕೂ ಲೆಕ್ಕಕ್ಕೆ ಸೇರುತ್ತದೆ; ತೆರಿಗೆ ಬೀಳುವುದು ಮಾತ್ರ ಕೇಕಿನ ಮೇಲೆ. ಹೀಗಾಗಿ ನೋಂದಣಿ ತಪ್ಪಲಿಲ್ಲ, ತೆರಿಗೆಯ ಭಾರ ನ್ಯಾಯವಾದ ಪ್ರಮಾಣಕ್ಕೆ ಇಳಿಯಿತು.

ಉತ್ತರ ಸಲ್ಲಿಸಿದಾಗ ಅಧಿಕಾರಿಗಳು ಮೊದಲು ನೋಡಿದ್ದು ಒಟ್ಟು ಮೊತ್ತವನ್ನು. ಅದು ಅವರ ಅಂಕಿಗೆ ಸರಿಹೊಂದಿದ್ದರಿಂದ ನಾವು ಕಳೆದ ಬಾಬುಗಳ ಬಗ್ಗೆ ಸಮಾಧಾನದಿಂದ ವಿಚಾರಣೆ ನಡೆಯಿತು. ಒಂದು ಭಾಗದ ಬಗ್ಗೆ ತಕರಾರು ಎತ್ತಬೇಕಾದವನು ಮೊದಲು ಇಡೀ ಮೊತ್ತವನ್ನು ತಾಳೆ ಮಾಡಿರಬೇಕು. ಇಲ್ಲವಾದರೆ ಅವನ ಸರಿಯಾದ ಮಾತಿಗೂ ಬೆಲೆ ಬರುವುದಿಲ್ಲ.

ಹಳೆಯ ಶಿಸ್ತು, ಹೊಸ ಉಪಯೋಗ

ಯಶವಂತಪುರದ ಮಾರುಕಟ್ಟೆ ಪ್ರಾಂಗಣದ ಹಿರಿಯ ಮಂಡಿ ವರ್ತಕರು ಕಿರ್ದಿ, ಖತಾವಣಿಗಳನ್ನು ಕೈಯಲ್ಲಿ ಬರೆಯುತ್ತಿದ್ದ ಕಾಲವನ್ನು ನನ್ನ ಪೀಳಿಗೆಯವರು ಕಂಡಿದ್ದೇವೆ. ಪುಟದ ತಳದಲ್ಲಿ "ಮುಂದಕ್ಕೆ ಒಯ್ದ ಮೊತ್ತ", ಮುಂದಿನ ಪುಟದ ನೆತ್ತಿಯಲ್ಲಿ "ಹಿಂದಿನಿಂದ ತಂದ ಮೊತ್ತ" ಎಂದು ಬರೆಯದೆ ಯಾವ ಗುಮಾಸ್ತನೂ ಪುಟ ತಿರುಗಿಸುತ್ತಿರಲಿಲ್ಲ. ಪುಟ ಮುಗಿದರೂ ಲೆಕ್ಕ ಮುಗಿದಿಲ್ಲವೆಂಬುದನ್ನು ಆ ಎರಡು ಸಾಲುಗಳು ಸಾರುತ್ತಿದ್ದವು. ಎಕ್ಸೆಲ್ ಹಾಳೆಯ ಕಟ್ಟಕಡೆಯ ಸಾಲಿನಲ್ಲಿ ಅಂತಹ ಬರಹವಿಲ್ಲ. ಅಲ್ಲಿಗೆ ಪುಟ ಮುಗಿಯುತ್ತದೆ; ಲೆಕ್ಕವೂ ಮುಗಿಯಿತೆಂದು ನಾವು ನಂಬುತ್ತೇವೆ.

ಎಕ್ಸೆಲ್ ಕೆಟ್ಟ ಸಾಧನವೆಂದು ನನ್ನ ಅಭಿಪ್ರಾಯವಲ್ಲ. ತಕ್ಕಡಿ ಎಷ್ಟೇ ಒಳ್ಳೆಯದಾದರೂ ಲಾರಿಯ ತೂಕಕ್ಕೆ ತೂಕದ ಸೇತುವೆಗೇ ಹೋಗಬೇಕಷ್ಟೆ. ಸದಸ್ಯರು ಈ ತಿಂಗಳು ತಮ್ಮ ಲೆಕ್ಕದವರನ್ನು ಕರೆದು ಒಂದೇ ಒಂದು ಪ್ರಶ್ನೆ ಕೇಳಿದರೆ ಈ ಲೇಖನ ಸಾರ್ಥಕವಾದಂತೆ: "ಕಡತದಲ್ಲಿ ಎಷ್ಟು ಸಾಲಿತ್ತು, ಹಾಳೆಯಲ್ಲಿ ಎಷ್ಟು ಬಂದಿದೆ?" ಉತ್ತರ ಕೂಡಲೇ ಬಾರದಿದ್ದಲ್ಲಿ ಆ ಹಾಳೆಯ ಮೊತ್ತವನ್ನು ನಂಬಿ ಯಾವ ಕಾಗದಕ್ಕೂ ಸಹಿ ಹಾಕದಿರುವುದು ಕ್ಷೇಮ.